ಮೊದಲ ಮಳೆಯ ಕಪ್ಪು ನೀರು ಹೋಗುವುದೆಲ್ಲಿಗೆ?

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಜಿಲ್ಲೆಯ ಜನರ ಕಣ್ಣೆಲ್ಲ ಆಕಾಶದ ಕಡೆಗೆ. ಒಂದು ಸಂಜೆ ಗುಡುಗಿ, ಮಿಂಚಿ, ಧೋ ಎಂದು ಸುರಿಯಿತೆಂದರೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವವರೆಲ್ಲ ಅಂಗಡಿ ಜಗಲಿ ಹತ್ತಿ ನಿಲ್ಲುತ್ತಾರೆ. ಕಾಲ ಬುಡದಲ್ಲೇ ಚರಂಡಿ ಉಕ್ಕಿ, ಕಪ್ಪು ನೀರು ರಸ್ತೆಗೆ ಹರಿಯುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ತೊಟ್ಟೆ, ಎಳನೀರಿನ ಬೊಂಡ, ಚಪ್ಪಲಿಯ ತುಂಡು, ಬಣ್ಣ ಬಣ್ಣದ ಎಣ್ಣೆಯ ಪೊರೆ. ಅರ್ಧ ಗಂಟೆಯಲ್ಲಿ ಮಳೆ ಬಿಟ್ಟರೆ ಡಾಮರು ರಸ್ತೆ ಫಳಫಳ. "ಒಳ್ಳೆ ಮಳೆ ಮಾರಾಯ್ರೆ, ಪೇಟೆ ಇಡೀ ತೊಳೆದು ಹೋಯ್ತು" ಎಂದು ಎಲ್ಲರಿಗೂ ಸಮಾಧಾನ.

ತೊಳೆದು ಹೋದದ್ದು ಹೌದು. ಹೋದದ್ದು ಎಲ್ಲಿಗೆ?

ಇದನ್ನು ಕೇಳುವವರು ಕಡಿಮೆ. ರಸ್ತೆ ಬದಿಯ ಚರಂಡಿ ಎಂದರೆ ಎಲ್ಲಿಯೋ ಒಂದು ಕಡೆ ನೀರನ್ನು ಶುದ್ಧ ಮಾಡುವ ಘಟಕಕ್ಕೆ ಹೋಗಿ ಮುಟ್ಟುತ್ತದೆ ಎಂಬ ನಂಬಿಕೆ ಅನೇಕರಲ್ಲಿ ಉಂಟು. ಹಾಗೇನೂ ಇಲ್ಲ. ಮಳೆನೀರಿನ ಚರಂಡಿ ನೇರ ತೋಡಿಗೆ, ತೋಡು ನೇರ ಹೊಳೆಗೆ. ನಡುವೆ ಒಂದು ಜಾಲರಿ ಇದ್ದರೆ ಅದೇ ದೊಡ್ಡದು. ಬಂಟ್ವಾಳ, ಪಾಣೆಮಂಗಳೂರು, ಬಿ.ಸಿ.ರೋಡು, ಕೈಕಂಬದ ನೀರು ನೇತ್ರಾವತಿಗೆ. ಅಲ್ಲಿಂದ ಕೆಲವೇ ಕಿಲೋಮೀಟರು ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು. ಮಂಗಳೂರು ನಗರ ಕುಡಿಯುವುದು ಅಲ್ಲಿಯ ನೀರನ್ನು. ಬೆಳ್ತಂಗಡಿ ಪೇಟೆಯ ನೀರು ಸೋಮಾವತಿಗೆ, ಸೋಮಾವತಿಯಿಂದ ಪುನಃ ನೇತ್ರಾವತಿಗೆ. ಮೂಡುಬಿದಿರೆಯದು ತೋಡುಗಳ ಮೂಲಕ ಫಲ್ಗುಣಿಯ ಕಡೆಗೆ, ಅಂದರೆ ಹಳಬರು ಗುರುಪುರ ಹೊಳೆ ಎನ್ನುವ ಅದೇ ಹೊಳೆಗೆ. ವೇಣೂರಿನ ಗೊಮ್ಮಟನ ಪಾದದಡಿ ಹರಿದು, ಪೊಳಲಿಯನ್ನು ಬಳಸಿ ಹೋಗುವ ಈ ಹೊಳೆ ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಸಮುದ್ರ ಸೇರುತ್ತದೆ. ಪೇಟೆ ಮೂರು, ಹೊಳೆ ಎರಡು, ಅಳಿವೆ ಒಂದೇ.

ಆ ನೀರಿನಲ್ಲಿ ಏನೇನುಂಟು?

ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಸರಿಯಾದ ಮಳೆ ಇಲ್ಲ. ಐದಾರು ತಿಂಗಳು ಪೇಟೆಯಲ್ಲಿ ಬಿದ್ದದ್ದೆಲ್ಲ ಬಿದ್ದಲ್ಲೇ ಇರುತ್ತದೆ. ಬಸ್ಸು ಲಾರಿಗಳ ಟಯರು ಸವೆದ ಕರಿ ಹುಡಿ, ಬ್ರೇಕು ಉಜ್ಜಿ ಉದುರಿದ ತಾಮ್ರ, ಕಬ್ಬಿಣದ ಧೂಳು, ನಿಂತ ಗಾಡಿಗಳಿಂದ ತೊಟ್ಟಿಕ್ಕಿದ ಎಣ್ಣೆ, ಗ್ಯಾರೇಜಿನ ಅಂಗಳದ ಗ್ರೀಸು, ತಗಡಿನ ಮಾಡುಗಳಿಂದ ಕಳಚಿದ ಸತುವು. ಇದಿಷ್ಟು ಯಂತ್ರಗಳ ಪಾಲು. ಮನುಷ್ಯರ ಪಾಲು ಬೇರೆಯೇ ಉಂಟು: ಹೋಟೆಲಿನ ಪಾತ್ರೆ ತೊಳೆದ ನೀರು, ಮೀನು ಪೆಟ್ಟಿಗೆಯಿಂದ ಸೋರಿದ ಐಸಿನ ನೀರು, ಕೋಳಿ ಅಂಗಡಿಯ ತ್ಯಾಜ್ಯ, ಬೀಡಾಡಿ ದನಗಳ ಸಗಣಿ, ಬಸ್‌ ಸ್ಟ್ಯಾಂಡಿನ ಹಿಂಬದಿ ಗೋಡೆಯ ಮೂತ್ರ, ಎಲೆಯಡಿಕೆ ಉಗುಳು. ಇದರ ಜೊತೆಗೆ ಬಚ್ಚಲು, ಅಡಿಗೆಮನೆ ನೀರನ್ನು ರಾತ್ರೋರಾತ್ರಿ ಒಂದು ಪೈಪು ಇಟ್ಟು ರಸ್ತೆ ಚರಂಡಿಗೆ ಬಿಡುವ ಕಟ್ಟಡಗಳೂ ಇವೆ. ಮೂರೂ ಪೇಟೆಗಳಲ್ಲಿ ಹೆಚ್ಚಿನ ಕಟ್ಟಡಗಳಿಗೆ ಪಿಟ್ಟು ಅಥವಾ ಸೆಪ್ಟಿಕ್ ಟ್ಯಾಂಕೇ ಗತಿ. ಅದು ತುಂಬಿದರೆ ಉಕ್ಕಿ ಬರುವುದೂ ಇದೇ ಚರಂಡಿಗೆ.

ಒಂದು ವಿಷದಿಂದ ಮಾತ್ರ ಬಿಡುಗಡೆ ಸಿಕ್ಕಿದೆ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಹೊಗೆಯೊಂದಿಗೆ ಅದೂ ರಸ್ತೆಯ ಧೂಳಿಗೆ ಸೇರುತ್ತಿತ್ತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತುಹೋಯಿತು. ಉಳಿದದ್ದೆಲ್ಲ ಗಾಡಿಗಳ ಸಂಖ್ಯೆಯೊಂದಿಗೆ ಏರುತ್ತಲೇ ಇದೆ.

ಮೊದಲ ದೊಡ್ಡ ಮಳೆ ಮಾಡುವ ಕೆಲಸವೇನು? ಐದಾರು ತಿಂಗಳ ಈ ದಾಸ್ತಾನನ್ನು ಮೊದಲ ಗಂಟೆ, ಎರಡು ಗಂಟೆಯೊಳಗೆ ಗುಡಿಸಿ ಹೊಳೆಗೆ ಹಾಕುವುದು. ಆಮೇಲಿನ ಮಳೆಯಲ್ಲಿ ಹರಿಯುವ ನೀರು ಎಷ್ಟೋ ವಾಸಿ. ಆಟಿಯ ಜಡಿಮಳೆಗೆ ಬಿ.ಸಿ.ರೋಡಿನ ಚರಂಡಿ ನೋಡಿದವರಿಗೆ ಇದು ಗೊತ್ತು, ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ. ಆದ್ದರಿಂದ ವರ್ಷದ ಸರಾಸರಿ ಎಷ್ಟು ಎಂಬ ಲೆಕ್ಕ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಹೊಳೆಗೆ ಪೆಟ್ಟು ಬೀಳುವುದು ಆ ಒಂದೆರಡು ಗಂಟೆಗಳಲ್ಲಿ.

ನೀರಿನ ಪ್ರಮಾಣವನ್ನು ಅಂಗಡಿಯವರು ತಾವೇ ಲೆಕ್ಕ ಹಾಕಬಹುದು, ಸುಲಭ ಉಂಟು. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದು ಸೆಂಟ್ಸ್ ಎಂದರೆ 40 ಚದರ ಮೀಟರು ಚಿಲ್ಲರೆ. ಹತ್ತು ಸೆಂಟ್ಸಿನ ಕಟ್ಟಡ, ಕಾಂಕ್ರೀಟು ಅಂಗಳದ ಮೇಲೆ 50 ಮಿಲಿಮೀಟರು ಮಳೆ ಬಂದರೆ 20 ಸಾವಿರ ಲೀಟರು ನೀರು ಬಿತ್ತು. ಐದು ಸಾವಿರ ಲೀಟರಿನ ಟ್ಯಾಂಕರಾದರೆ ನಾಲ್ಕು ಲೋಡು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4 ಸಾವಿರ ಮಿಲಿಮೀಟರು, ಹಾಗಾದರೆ ಅದೇ ಹತ್ತು ಸೆಂಟ್ಸಿನ ಮೇಲೆ ವರ್ಷಕ್ಕೆ 16 ಲಕ್ಷ ಲೀಟರು. ಅದೇ ಜಾಗ ಮುಳಿಹುಲ್ಲಿನ ಪದವಾಗಿದ್ದಾಗ ಮೊದಲ ಮಳೆಗಳನ್ನು ಮುರಕಲ್ಲು ಹೀರಿಕೊಂಡುಬಿಡುತ್ತಿತ್ತು, ತೋಡಿಗೆ ಹನಿ ಬರಬೇಕಾದರೆ ನಾಲ್ಕಾರು ದಿನ ಬೇಕಿತ್ತು. ಈಗ ಇಂಟರ್‌ಲಾಕು, ಕಾಂಕ್ರೀಟು, ಡಾಮರು. ಬಿದ್ದದ್ದು ಬಿದ್ದ ಹಾಗೇ ಓಡುತ್ತದೆ, ಓಡುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದುಕೊಂಡೇ ಓಡುತ್ತದೆ.

ಹೊಳೆಗೆ ಕೆಟ್ಟ ಹೊತ್ತು

ಆಗಸ್ಟಿನಲ್ಲಿ ಬಂದರೆ ಇದೇ ಕೊಳೆ ನೇತ್ರಾವತಿಗೆ ಲೆಕ್ಕವೇ ಅಲ್ಲ. 1923ರ ಮತ್ತು 1974ರ ನೆರೆಯಲ್ಲಿ ಬಂಟ್ವಾಳ ಪೇಟೆಯನ್ನೇ ಮುಳುಗಿಸಿದ ಹೊಳೆ ಅದು. 2019ರ ಆಗಸ್ಟಿನಲ್ಲೂ ತಗ್ಗಿನ ಅಂಗಡಿಗಳೊಳಗೆ ಬಂದು ಹೋಗಿದೆ. ಆದರೆ ಮೊದಲ ಮಳೆ ಬರುವುದು ಮೇ ಕೊನೆಗೆ, ಜೂನ್ ಮೊದಲಿಗೆ. ಆಗ ಹೊಳೆಯ ಪ್ರಾಣ ಗಂಟಲಲ್ಲಿರುತ್ತದೆ. 2019ರಲ್ಲಿ ಮತ್ತು 2023ರಲ್ಲಿ ಬೇಸಿಗೆಯ ಕೊನೆಗೆ ತುಂಬೆಯಲ್ಲಿ ನೀರು ತಳ ಹಿಡಿದು ಮಂಗಳೂರಿಗೆ ರೇಷನ್ ಪ್ರಕಾರ ನೀರು ಬಿಟ್ಟದ್ದು ಎಲ್ಲರಿಗೂ ನೆನಪುಂಟು. ಸೋಮಾವತಿಯಂಥ ಸಣ್ಣ ಹೊಳೆಯಲ್ಲಿ ಆ ಹೊತ್ತಿಗೆ ಹರಿವು ನೂಲಿನಷ್ಟು, ಗುಂಡಿ ಗುಂಡಿಯಾಗಿ ನಿಂತ ನೀರೇ ಹೆಚ್ಚು. ಒಂದು ಚೆಂಬು ನೀರಿಗೆ ಒಂದು ಲೋಟ ಕೊಳೆ ಬೆರೆತ ಹಾಗೆ. ಹೊಳೆಗೆ ಅಡ್ಡ ಕಿಂಡಿ ಅಣೆಕಟ್ಟುಗಳೂ ಇವೆ, ಶಂಭೂರಿನಲ್ಲಿ, ಜಕ್ರಿಬೆಟ್ಟಿನಲ್ಲಿ, ತುಂಬೆಯಲ್ಲಿ. ಬೇಸಿಗೆಯಲ್ಲಿ ನೀರು ಉಳಿಸಿದ ಉಪಕಾರ ಇವುಗಳದು. ಆದರೆ ನಿಂತ ನೀರಿಗೆ ಬಿದ್ದ ಕೊಳೆ ಮುಂದೆ ಸರಿಯುವುದು ನಿಧಾನ, ತಳಕ್ಕೆ ಕೂರುವುದೇ ಜಾಸ್ತಿ.

ಕೊಳೆಯುವ ಪದಾರ್ಥ ನೀರಿಗೆ ಬಿದ್ದರೆ ಅದನ್ನು ತಿಂದು ಮುಗಿಸಲು ಕಣ್ಣಿಗೆ ಕಾಣದ ಜೀವಾಣುಗಳು ಸಾಲುಗಟ್ಟುತ್ತವೆ. ತಿನ್ನುವ ಕೆಲಸಕ್ಕೆ ಅವಕ್ಕೆ ಆಮ್ಲಜನಕ ಬೇಕು, ನೀರಿನಲ್ಲಿ ಕರಗಿದ್ದನ್ನೇ ಎಳೆದುಕೊಳ್ಳುತ್ತವೆ. ಮೀನಿಗೆ ಉಸಿರಾಡಲು ಇರುವುದೂ ಅದೇ. ಹೀಗೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬ ಅಳತೆಯನ್ನು ಬಿ.ಓ.ಡಿ. ಎನ್ನುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಬಿ.ಓ.ಡಿ. ಲೀಟರಿಗೆ 3 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಮಿಗಿಂತ ಕಡಿಮೆ ಇರಬಾರದು. 2018ರಲ್ಲಿ ಅದೇ ಮಂಡಳಿ ದೇಶದ 351 ಹೊಳೆ ಭಾಗಗಳನ್ನು ಮಲಿನವೆಂದು ಪಟ್ಟಿ ಮಾಡಿತು. ಕರ್ನಾಟಕದ್ದು 17. ಆ ಹದಿನೇಳರಲ್ಲಿ ನೇತ್ರಾವತಿಯೂ ಉಂಟು, ಕುಮಾರಧಾರೆಯೂ ಉಂಟು! ಸಮಾಧಾನದ ಸಂಗತಿ ಎಂದರೆ ಐದು ದರ್ಜೆಗಳಲ್ಲಿ ಇವು ಬಿದ್ದದ್ದು ಕೊನೆಯ, ಅಂದರೆ ಎಲ್ಲಕ್ಕಿಂತ ಕಡಿಮೆ ಮಾಲಿನ್ಯದ ದರ್ಜೆಗೆ. ಪೇಟೆಯ ಮಳೆನೀರೊಂದೇ ಇದಕ್ಕೆ ಕಾರಣವೆಂದು ಹೇಳಿದರೆ ತಪ್ಪಾದೀತು. ವರ್ಷವಿಡೀ ಇಳಿಯುವ ಕೊಳಚೆಯ ಪಾಲು ದೊಡ್ಡದು. ಆದರೂ ಘಟ್ಟದ ಕಾಡಿನಿಂದ ಇಳಿದು ಬರುವ ಹೊಳೆಗೆ ಆ ಪಟ್ಟಿಯಲ್ಲಿ ಏನು ಕೆಲಸ ಎಂದು ಜಿಲ್ಲೆಯವರು ಕೇಳಿಕೊಳ್ಳಬೇಕಿತ್ತು. ಕೇಳಿದ ಹಾಗೆ ಕಾಣಲಿಲ್ಲ.

ಇನ್ನು ಮೀನಿನ ವಿಚಾರ. ಮೊದಲ ಮಳೆಯ ಹೊಸ ನೀರಿಗೆ ಹೊಳೆಯ ಮೀನು ತೋಡಿಗೆ ಏರುತ್ತದೆ, ತೋಡಿನಿಂದ ಗದ್ದೆಗೆ ನುಗ್ಗುತ್ತದೆ, ಮೊಟ್ಟೆ ಇಡುವುದಕ್ಕೆ. ಹಳ್ಳಿಯ ಹುಡುಗರು ಟಾರ್ಚು, ಬುಟ್ಟಿ ಹಿಡಿದು ರಾತ್ರಿ ತೋಡಿಗೆ ಇಳಿಯುವುದೂ ಆಗಲೇ. ಬಸಿರು ಮೀನು ಮೇಲೇರುವ ಹೊತ್ತು, ಪೇಟೆಯ ಕಪ್ಪು ನೀರು ಕೆಳಗಿಳಿಯುವ ಹೊತ್ತು, ಎರಡೂ ಒಂದೇ. ಪೇಟೆಯ ಕೆಳಗಿನ ತೋಡುಗಳಲ್ಲಿ ಇವೆರಡೂ ಎದುರುಬದುರಾಗುತ್ತವೆ.

ಅಮೆರಿಕದ ಸಿಯಾಟಲ್ ನಗರದಲ್ಲಿ ಇಂಥದೇ ಒಂದು ಸಂಗತಿ ವಿಜ್ಞಾನಿಗಳಿಗೆ ವರ್ಷಗಟ್ಟಲೆ ತಲೆನೋವಾಗಿತ್ತು. ಸಮುದ್ರದಿಂದ ಮೊಟ್ಟೆ ಇಡಲು ಹೊಳೆ ಏರುವ ಕೋಹೋ ಸಾಲ್ಮನ್ ಎಂಬ ಮೀನು, ಪೇಟೆ ನಡುವಿನ ತೋಡುಗಳಲ್ಲಿ ಮಳೆ ಬಂದ ಕೂಡಲೇ ಬಾಯಿ ತೆರೆದುಕೊಂಡು, ಮೊಟ್ಟೆ ಹೊಟ್ಟೆಯಲ್ಲಿರುವಾಗಲೇ ಸಾಯುತ್ತಿತ್ತು. 2020ರ ಡಿಸೆಂಬರಿನಲ್ಲಿ ಕಾರಣ ಪ್ರಕಟವಾಯಿತು. ಟಯರು ಬೇಗ ಬಿರುಕು ಬಿಡದಿರಲಿ ಎಂದು ರಬ್ಬರಿಗೆ ಬೆರೆಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ತಾಗಿ ವಿಷವಾಗುತ್ತದೆ; ಸವೆದ ಟಯರಿನ ಹುಡಿಯಿಂದ ಅದು ಮಳೆನೀರಿಗೆ ಇಳಿಯುತ್ತದೆ. ಚೋದ್ಯವೆಂದರೆ ಅದೇ ತೋಡಿಗೆ ಏರುವ ಚಮ್ ಎಂಬ ಇನ್ನೊಂದು ಜಾತಿಯ ಸಾಲ್ಮನ್ನಿಗೆ ಅದರಿಂದ ಸಾವಿಲ್ಲ. ಹಾಗಾಗಿ ಅಲ್ಲಿಯ ವಿಷ ಇಲ್ಲಿಯ ಮುಗುಡು, ಮಡೆಂಜಿಗಳನ್ನೂ ಕೊಲ್ಲುತ್ತದೆ ಎಂದು ಹೇಳಿ ಯಾರನ್ನೂ ಹೆದರಿಸಬೇಕಾಗಿಲ್ಲ. ಟಯರಿನ ಹುಡಿಯನ್ನು ಬರೇ ಧೂಳು ಎಂದು ತಿಳಿಯುವ ಕಾಲ ಮಾತ್ರ ಹೋಯಿತು. ಮೂರು ಪೇಟೆಯ ರಸ್ತೆಗಳಲ್ಲಿ ತಿರುಗುವ ಬಸ್ಸುಗಳ ಟಯರಿನಿಂದ ಉದುರುವುದೂ ರಬ್ಬರೇ.

ಬೆಳ್ತಂಗಡಿ ತಾಲೂಕಿನವರಿಗೆ ಮೀನಿನ ಸಾವು ಹೊಸ ಸುದ್ದಿಯಲ್ಲ. ಶಿಶಿಲದ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ದುಷ್ಕರ್ಮಿಗಳು ವಿಷ ಹಾಕಿದಾಗ ಸಾವಿರಗಟ್ಟಲೆ ಮೀನು ತೇಲಿಬಂತು, ಊರಿಗೆ ಊರೇ ಮರುಗಿತು, ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೂ ಆಯಿತು. ಒಂದೇ ದಿನ ಸತ್ತದ್ದರಿಂದ ಎಲ್ಲರಿಗೂ ಕಂಡಿತು. ಪೇಟೆಯ ತೋಡಿನಲ್ಲಿ ವರ್ಷಕ್ಕೆ ಇಷ್ಟಿಷ್ಟೇ ಕಡಿಮೆಯಾಗುವ ಮೀನಿನ ಲೆಕ್ಕ ಇಡುವವರಿಲ್ಲ. "ಈಗ ಮೊದಲಿನ ಹಾಗೆ ಮೀನು ಏರುವುದಿಲ್ಲ" ಎಂಬ ಮಾತೊಂದು ಅಂಗಡಿ ಜಗಲಿಯಲ್ಲಿ ಬಂದು ಹೋಗುತ್ತದೆ, ಅಷ್ಟೆ.

ಬಾವಿಗೂ ದಾರಿ ಉಂಟು

ಹೊಳೆ ದೂರ ಉಂಟಲ್ಲ, ನಮ್ಮದು ಬಾವಿ ನೀರು ಎನ್ನುವವರಿಗೆ ಒಂದು ಮಾತು. ಮುರಕಲ್ಲಿನ ಒಳಗೆಲ್ಲ ಸಣ್ಣ ಸಣ್ಣ ಪೊಟ್ಟರೆಗಳು, ಕೆಲವು ಕಡೆ ನೀರು ಹರಿಯುವ ಬಿಲಗಳೇ ಇರುತ್ತವೆ. ಮಳೆ ನೀರು ಬೇಗ ಇಂಗಿ ಬಾವಿಗೆ ಬರುವುದು ಇದೇ ಕಾರಣಕ್ಕೆ. ಒಳ್ಳೆ ನೀರಿಗೆ ಇರುವ ದಾರಿ ಕೊಳೆ ನೀರಿಗೂ ಇದೆ. ತೋಡಿನಲ್ಲಿ ಕಪ್ಪು ನೀರು ಏರಿದ ವಾರದೊಳಗೆ ಹತ್ತಿರದ ಬಾವಿಯ ನೀರು ಬಣ್ಣ ತಿರುಗಿದರೆ ಆಶ್ಚರ್ಯಪಡಬೇಕಾದ್ದಿಲ್ಲ. ಬಣ್ಣ ತಿರುಗದೆಯೂ ರೋಗಾಣು ಬರುತ್ತದೆ. ಮಳೆಗಾಲ ಹಿಡಿದ ಕೂಡಲೇ ವಾಂತಿಭೇದಿ, ಟೈಫಾಯಿಡು, ಕಾಮಾಲೆ ಎಂದು ಡಾಕ್ಟರ ಶಾಪಿನೆದುರು ಕ್ಯೂ ನಿಲ್ಲುವುದಕ್ಕೆ ನೀರೂ ಒಂದು ಕಾರಣ. ಕುದಿಸಿ ಆರಿಸಿದ ನೀರು ಎಂಬ ಅಜ್ಜಿಯ ಪಥ್ಯ ಈ ಒಂದೆರಡು ತಿಂಗಳಿಗಾದರೂ ಹೋಟೆಲುಗಳಿಗೂ ಬರಲಿ. ಮಳೆನೀರು ಕೊಯ್ಲಿನ ಉಮೇದಿನಲ್ಲಿ ಅಂಗಳದ ನೀರನ್ನೇ ಬಾವಿಗೆ ಬಿಟ್ಟವರೂ ಇದ್ದಾರೆ. ಮಾಡಿನ ನೀರು ಬೇರೆ, ಅಂಗಳದ ನೀರು ಬೇರೆ. ಮಾಡಿನದ್ದಾದರೂ ಮೊದಲ ಒಂದೆರಡು ಮಳೆಯದನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಒಳಗೆ ತೆಗೆದುಕೊಳ್ಳಬೇಕು.

ನಳ್ಳಿ ನೀರಿನವರು ನಿಶ್ಚಿಂತೆಯಾಗಿರಬಹುದೋ? ಪಟಿಕ ಹಾಕಿ ಮಣ್ಣು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬಿಡುತ್ತಾರೆ, ನಿಜ. ಇವೆಲ್ಲ ಮಣ್ಣನ್ನೂ ರೋಗಾಣುವನ್ನೂ ಹಿಡಿಯಲಿಕ್ಕೆ ಇರುವಂಥವು. ನೀರಿನಲ್ಲಿ ಕರಗಿದ ರಾಸಾಯನಿಕ ಇವಕ್ಕೆಲ್ಲ ಸುಲಭದಲ್ಲಿ ಬಗ್ಗುವುದಿಲ್ಲ. ನೀರು ತೀರಾ ರಾಡಿಯಾಗಿದ್ದರೆ ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್ನಿನಿಂದಲೂ ತಪ್ಪಿಸಿಕೊಳ್ಳುತ್ತವೆ.

ರಾಡಿಯ ಮಾತು ಬಂದ ಮೇಲೆ ಹೆದ್ದಾರಿಗಳನ್ನು ಬಿಡುವ ಹಾಗಿಲ್ಲ. ಬಿ.ಸಿ.ರೋಡಿನಿಂದ ಅಡ್ಡಹೊಳೆಗೆ, ಪುಂಜಾಲಕಟ್ಟೆಯಿಂದ ಬೆಳ್ತಂಗಡಿ ಮಾರ್ಗವಾಗಿ ಚಾರ್ಮಾಡಿಗೆ, ಮಂಗಳೂರಿನಿಂದ ಮೂಡುಬಿದಿರೆ ದಾಟಿ ಕಾರ್ಕಳಕ್ಕೆ, ಹೀಗೆ ಮೂರೂ ಪೇಟೆಯ ಬಾಗಿಲಲ್ಲೇ ಕೆಲವು ವರ್ಷಗಳಿಂದ ರಸ್ತೆ ಅಗಲ ಮಾಡುವ ಕೆಲಸ. ಗುಡ್ಡ ಕಡಿದ ಕೆಂಪು ಮಣ್ಣು ಮಳೆಗೆ ಇಳಿದು ತೋಡು ಹೂಳಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡದವರಿಲ್ಲ. ಕೆಂಪು ನೀರು ಕಂಡರೆ ಜನ ಗಲಾಟೆ ಮಾಡುತ್ತಾರೆ, ಕಪ್ಪು ನೀರು ಕಂಡರೆ ಮೂಗು ಮುಚ್ಚಿ ದಾಟುತ್ತಾರೆ. ವಿಷದ ಲೆಕ್ಕದಲ್ಲಿ ಕಪ್ಪಿನದೇ ಮೇಲುಗೈ. ಆದರೆ ಎಣ್ಣೆ, ಲೋಹ ಎಲ್ಲ ಅಂಟಿಕೊಂಡು ಪ್ರಯಾಣ ಮಾಡುವುದು ಇದೇ ನಯವಾದ ಮಣ್ಣಿನ ಕಣಗಳಿಗೆ, ಹಾಗಾಗಿ ಎರಡೂ ಬೆರೆತರೆ ಮತ್ತೂ ಕೆಟ್ಟದು.

"ಪೇಟೆಯವರನ್ನೇ ಯಾಕೆ ಹೇಳುವುದು, ತೋಟದವರು ಮದ್ದು ಬಿಡುವುದಿಲ್ಲವೋ?" ಎಂಬ ವಾದವೂ ಉಂಟು. ಅದರಲ್ಲಿ ಸತ್ಯಾಂಶ ಇದೆ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರ. ಜೋರು ಮಳೆಗೆ ಒಂದಷ್ಟು ತೊಳೆದು ತೋಡಿಗೆ ಬರುತ್ತದೆ. ಹಾಗೆಂದು ಪೇಟೆಯ ಪಾಲು ಇದರಿಂದ ಒಂದು ಚಮಚದಷ್ಟೂ ಇಳಿಯುವುದಿಲ್ಲ.

ಹೂಳು ತೆಗೆದು ದಡದಲ್ಲಿಟ್ಟರೆ?

ಮಳೆಗಾಲದ ಮೊದಲು ಪುರಸಭೆ, ಪಟ್ಟಣ ಪಂಚಾಯತಿಗಳು ಚರಂಡಿ ಹೂಳೆತ್ತುವುದುಂಟು. ಪ್ರತಿ ವರ್ಷ ಎತ್ತುತ್ತಾರೆ. ಎತ್ತಿದ ಕಪ್ಪು ಕೆಸರನ್ನು ಎಲ್ಲಿಡುತ್ತಾರೆ? ಅದೇ ಚರಂಡಿಯ ದಡದಲ್ಲಿ, ಒಣಗಲಿ ಎಂದು. ಲಾರಿ ಬರುವ ಮೊದಲು ಮಳೆ ಬಂದರೆ ಹೂಳು ಸದ್ದಿಲ್ಲದೆ ತನ್ನ ಸ್ಥಾನಕ್ಕೆ ಹಿಂದೆ ಹೋಗಿ ಕೂರುತ್ತದೆ, ಉಳಿದದ್ದು ಹೊಳೆಗೆ. ಎಣ್ಣೆ, ಲೋಹ, ರೋಗಾಣು ಎಲ್ಲ ಗಟ್ಟಿಯಾಗಿ ಕೂತಿರುವುದು ಇದೇ ಕೆಸರಿನಲ್ಲಿ. ಅದನ್ನು ಕೆದಕಿ ಸಡಿಲ ಮಾಡಿ ಮೊದಲ ಮಳೆಯ ಕೈಗೆ ಕೊಡುವುದಕ್ಕಿಂತ ಎತ್ತದೇ ಇರುವುದೇ ವಾಸಿಯೇನೋ! ಕೆಲಸ ಏಪ್ರಿಲಿನಲ್ಲಿ ಆಗಬೇಕು, ಎತ್ತಿದ ದಿನವೇ ಸಾಗಿಸಬೇಕು. ಪತ್ತನಾಜೆ ಬರುವುದು ಮೇ 24ರ ಆಸುಪಾಸಿಗೆ. ಆ ವಾರ ಗುದ್ದಲಿ ಹಿಡಿದರೆ ತಡವಾಯಿತು. ರಸ್ತೆ ಗುಡಿಸುವುದಕ್ಕೂ ಇದೇ ಮಾತು. ಮಳೆಗೆ ಮುಂಚಿನ ವಾರ ಬಸ್‌ ಸ್ಟ್ಯಾಂಡು, ಮಾರ್ಕೆಟು, ಗ್ಯಾರೇಜು ಸಾಲುಗಳ ಧೂಳನ್ನು ಒಣಗಿದಾಗಲೇ ಗುಡಿಸಿ ಬುಟ್ಟಿಗೆ ತುಂಬಿದರೆ ಅಷ್ಟು ಹೊಳೆಗೆ ಉಳಿತಾಯ. ನೀರು ಬಿಟ್ಟು ತೊಳೆದರೆ ಪ್ರಯೋಜನವಿಲ್ಲ.

ಮೂಡುಬಿದಿರೆಗೆ ಇನ್ನೊಂದು ಅನುಕೂಲ ಹಿರಿಯರಿಂದ ಬಂದದ್ದಿದೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಹೆಸರು ಆ ಊರಿಗೆ. ಮೇಲಿನಿಂದ ಓಡಿ ಬರುವ ನೀರು ಕೆರೆಯಂಥ ಜಾಗದಲ್ಲಿ ಒಂದು ಗಳಿಗೆ ನಿಂತರೆ ಮಣ್ಣು, ಕಸ ತಳಕ್ಕೆ ಕೂತು ತಿಳಿನೀರು ಮುಂದೆ ಹೋಗುತ್ತದೆ. ಈಗ ಕಾಲೇಜು, ಹಾಸ್ಟೆಲು, ಫ್ಲಾಟುಗಳಿಂದ ಊರು ಬೆಳೆದ ವೇಗಕ್ಕೆ ಈ ಉಪಾಯ ಬೇಕೇ ಬೇಕು. ಆದರೆ ದೇವರ ಕೆರೆಗೇ ಚರಂಡಿ ತಿರುಗಿಸಿ ಎಂದು ಇದರ ಅರ್ಥವಲ್ಲ. ಕೆರೆಗಾಗಲಿ ತೋಡಿಗಾಗಲಿ ನೀರು ಸೇರುವ ಮೊದಲು ಒಂದು ಸಣ್ಣ ಹೂಳುಗುಂಡಿ, ಅದಕ್ಕೊಂದು ಜಾಲರಿ, ಅದನ್ನು ಖಾಲಿ ಮಾಡಲು ಒಬ್ಬ ಆಳು. ಗುರುವಾಯನಕೆರೆಯಂಥ, ಊರಿಗೇ ಹೆಸರು ಕೊಟ್ಟ ಕೆರೆಯ ಸುತ್ತಲೂ ಇದೇ ಆಗಬೇಕಾದ್ದು.

ಅಂಗಡಿಯವರ ಕೈಯಲ್ಲಿ ಆಗುವುದು ಸಣ್ಣ ಕೆಲಸ, ಆದರೆ ಅಲ್ಲಿಯೇ ಆಗಬೇಕಾದದ್ದು. ಗ್ಯಾರೇಜಿನವರು ಬದಲಾಯಿಸಿದ ಎಣ್ಣೆಯನ್ನು ಡಬ್ಬದಲ್ಲಿ ಹಿಡಿದಿಟ್ಟು ಹಳೆ ಎಣ್ಣೆ ಒಯ್ಯುವವರಿಗೆ ಕೊಡಬಹುದು, ನೆಲಕ್ಕೆ ಚೆಲ್ಲಿದ್ದಕ್ಕೆ ಮರದ ಹುಡಿ ಹಾಕಿ ಗುಡಿಸಬಹುದು. ಒಂದು ಗಾಡಿಯ ಒಂದು ಸಲದ ಹಳೆ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದು ಎಂದು ಅಮೆರಿಕದ ಪರಿಸರ ಇಲಾಖೆ ಅಲ್ಲಿಯ ಜನರಿಗೆ ಸಾರಿ ಹೇಳುತ್ತದೆ. ಹೋಟೆಲಿನವರು ಪಾತ್ರೆ ತೊಳೆಯುವ ನೀರಿಗೆ ಜಿಡ್ಡು ತಡೆಯುವ ಒಂದು ತೊಟ್ಟಿ ಕಟ್ಟಿಸಿದರೆ ಅವರದೇ ಪೈಪು ಕಟ್ಟಿಕೊಳ್ಳುವುದು ತಪ್ಪುತ್ತದೆ. ಬಸ್ಸಿನಲ್ಲಿ ಹೋಗುವವರ ಪಾಲು ಕಿಟಕಿಯಿಂದ ಹೊರಗೆ ಹಾರುವ ತೊಟ್ಟೆ. ಸೇತುವೆ ಬಂದಾಗ ಕೈ ಹೊರಗೆ ಚಾಚುವ ಚಾಳಿ ಯಾರು ಕಲಿಸಿದರೋ! ಕೋಳಿ ತ್ಯಾಜ್ಯದ ಗೋಣಿಯನ್ನು ರಾತ್ರಿ ಸೇತುವೆಯಿಂದ ಎಸೆಯುವವರಿಗೆ ಈ ಪುಟದಲ್ಲಿ ಹೇಳುವ ಭಾಷೆ ಇಲ್ಲ, ಅವರಿಗೆ ಪೊಲೀಸರೇ ಸರಿ.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 1974ರ ಜಲ ಮಾಲಿನ್ಯ ಕಾಯಿದೆ ಹೊಳೆ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ನದಿ ಮಾತ್ರವಲ್ಲ, ನೀರು ಹರಿಯುವ ಎಲ್ಲ ತೋಡು ಹಳ್ಳಗಳೂ ಸೇರುತ್ತವೆ, ಆ ಹೊತ್ತಿಗೆ ಒಣಗಿದ್ದರೂ ಸೇರುತ್ತವೆ. ನೆಲದಡಿಯ ನೀರೂ ಸೇರುತ್ತದೆ. ಎಪ್ರಿಲಿನಲ್ಲಿ ಬಟ್ಟಂಬಯಲಾಗಿರುವ ತೋಡಿಗೆ ಕಸ ಸುರಿದು "ಇಲ್ಲಿ ನೀರೆಲ್ಲಿ ಉಂಟು ಸ್ವಾಮಿ?" ಎಂದರೆ ಆ ಉತ್ತರ ನಡೆಯುವುದಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಹೊಳೆಯ ನೀರನ್ನು ಮಂಡಳಿಯವರು ಪರೀಕ್ಷೆಗೆ ತೆಗೆಯುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಗೊತ್ತುಮಾಡಿದ ಜಾಗಗಳಲ್ಲಿ, ಆಫೀಸಿನ ವೇಳೆಯಲ್ಲಿ. ಮೊದಲ ಮಳೆ ಬರುವುದು ಸಂಜೆ ಆರಕ್ಕೋ, ನಡುರಾತ್ರಿಗೋ. ಮುಂದಿನ ಬಾಟಲಿ ತುಂಬುವ ಹೊತ್ತಿಗೆ ಆ ಕಪ್ಪು ನೀರು ಅಳಿವೆ ದಾಟಿ ಸಮುದ್ರ ಸೇರಿ ಆಗಿರುತ್ತದೆ, ರಿಪೋರ್ಟಿನಲ್ಲಿ ಅದರ ಗುರುತೇ ಇರುವುದಿಲ್ಲ. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಮೂರೂ ಪೇಟೆಗಳಲ್ಲಿ ಚರಂಡಿ ತೋಡಿಗೆ ಬೀಳುವ ಬಾಯಿಯಲ್ಲಿ, ತೋಡು ಹೊಳೆಗೆ ಸೇರುವಲ್ಲಿ, ಮೊದಲ ಮಳೆಯ ಮೊದಲ ಗಂಟೆಗೆ ಒಂದೊಂದು ಬಾಟಲಿ ನೀರು ಹಿಡಿಯಲು ಒಬ್ಬ ಸಿಬ್ಬಂದಿ, ಒಂದು ಛತ್ರಿ, ಐಸಿನ ಒಂದು ಪೆಟ್ಟಿಗೆ ಸಾಕು. ಫಲಿತಾಂಶವನ್ನು ಪುರಸಭೆಯ ನೋಟೀಸು ಬೋರ್ಡಿನಲ್ಲೂ ಬಸ್‌ ಸ್ಟ್ಯಾಂಡಿನ ಗೋಡೆಯಲ್ಲೂ ಅಂಟಿಸಲಿ. ಈ ವರ್ಷ ಹೂಳು ಎತ್ತಿ ದಡದಲ್ಲಿಟ್ಟದ್ದೋ, ಸಾಗಿಸಿದ್ದೋ ಎಂಬುದೂ ಆ ಕಾಗದದಲ್ಲಿ ಗೊತ್ತಾಗುತ್ತದೆ.